ಒಕ್ಕಣ್ಣ ಗಾಡಿಗೆ ಹೊಸ ಕಾಚು

ಗದಗದಲ್ಲಿ ಮದುವೆ ಊಟ ಮುಗಿಸಿ ಹುಬ್ಬಳ್ಳಿಗೆ ವಾಪಸ್ ಬರುತ್ತಿದ್ದೆವು. ಮೇ ತಿಂಗಳು, ಸಂಜೆ ಐದೂವರೆ. ಅಣ್ಣಿಗೇರಿ ದಾಟಿತ್ತು. ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಿದ್ದ. ಎರಡೂ ಕಡೆ ರಂಟೆ ಹೊಡೆದು ಮಳೆಗೆ ಕಾಯುತ್ತಿದ್ದ ಎರೆಹೊಲ. ಎದುರಿನಿಂದ ಒಂದು ಟಿಪ್ಪರ್ ಖಡಿ ತುಂಬಿಕೊಂಡು ಧಡಧಡ ಬಂತು, ಹೋಯಿತು. ಅದು ಹೋದ ಮರುಕ್ಷಣ ಮುಂದೆ ಎಲ್ಲೋ 'ಟಣ್' ಅಂತು.

"ಏನೋ ಬಡೀತಲ್ಲ" ಅಂದಳು ಹೆಂಡತಿ. ಮುಂದಿನ ಗಾಜು ನೋಡಿದೆ, ಏನೂ ಆಗಿರಲಿಲ್ಲ. ಬದುಕಿದೆ ಅಂದುಕೊಂಡು ಹಾಗೇ ಬಂದುಬಿಟ್ಟೆ. ಮನೆ ಮುಂದೆ ಇಳಿದಾಗ ಗೊತ್ತಾಯಿತು. ಬಲಗಡೆಯ ಹೆಡ್‌ಲೈಟಿನ ಕಾಚು, ಅಂದರೆ ಗಾಜು, ಒಡೆದಿತ್ತು. ನಡುವೆ ಹುಣಸೆಬೀಜದಷ್ಟು ತೂತು. ಅಲ್ಲಿಂದ ಆರೇಳು ಗೆರೆ ಅಂಚಿನವರೆಗೆ ಓಡಿದ್ದವು. ಕೆಳಗಿನ ಮೂಲೆಯ ಒಂದು ಚೂರು ಬಿದ್ದೇ ಹೋಗಿತ್ತು.

ಗಾಡಿ ಮಾರುತಿ 800. 1995ರದ್ದು, ಅಪ್ಪ ಕೊಂಡಿದ್ದು. ನಂಬರ್ ಪ್ಲೇಟಿನ ಮೇಲೆ ಕೆಎ-25 ಇದೆ, ಹುಬ್ಬಳ್ಳಿಗೆ ಬೇರೆಯಾಗಿ ಕೆಎ-63 ಬರುವುದಕ್ಕೆ ಮುಂಚಿನ ಗಾಡಿ. ಮೊದಲ ಮಾರುತಿ 800 ಗಿರಾಕಿಯ ಕೈ ಸೇರಿದ್ದು 1983ರ ಡಿಸೆಂಬರಿನಲ್ಲಿ. ಕೊನೆಯದು ಕಾರ್ಖಾನೆಯಿಂದ ಹೊರಬಿದ್ದದ್ದು 2014ರ ಜನವರಿಯಲ್ಲಿ. ಅಂದರೆ ಆ ತಳಿಯೇ ಮುಗಿದು ಹನ್ನೊಂದು ವರ್ಷದ ಮೇಲಾಯಿತು. ನಮ್ಮದು ಮಾತ್ರ ಇನ್ನೂ ತನ್ನ 796 ಸಿಸಿ ಎಂಜಿನ್ ಇಟ್ಟುಕೊಂಡು ಉಣಕಲ್ ಏರು ಏರುತ್ತದೆ. ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ. ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತದೆ. ನನಗೆ ಅಷ್ಟು ಸಾಕು.

ಆವತ್ತು ಮಾಡಿದ್ದು ಒಂದೇ ಕೆಲಸ. ಮಗನ ಕಂಪಾಸ್ ಪೆಟ್ಟಿಗೆಯಿಂದ ಸೆಲ್ಲೋ ಟೇಪ್ ತಗೊಂಡು ಒಡೆದ ಜಾಗಕ್ಕೆ ಅಡ್ಡಡ್ಡ ಅಂಟಿಸಿದೆ. ನಾಳೆ ಮಾಡಿಸಿದರಾಯಿತು ಅಂದುಕೊಂಡೆ. ಆ ನಾಳೆ ಬರುವುದಕ್ಕೆ ಎರಡು ತಿಂಗಳು ಬೇಕಾಯಿತು. ಹೆಡ್‌ಲೈಟ್ ಹತ್ತುತ್ತಿತ್ತು ನೋಡಿ, ಅದೇ ತೊಂದರೆ. ಹತ್ತುವ ದೀಪವನ್ನು ಯಾರು ರಿಪೇರಿ ಮಾಡಿಸುತ್ತಾರೆ?

ಜೂನ್ ಬಂತು. ಧಾರವಾಡದ ಮಳೆ ಗೊತ್ತಲ್ಲ, ಜೋರಾಗಿ ಸುರಿದು ಮುಗಿಸುವ ಮಳೆಯಲ್ಲ. ದಿನವಿಡೀ ಜಿಟಿಜಿಟಿ. ಸೆಲ್ಲೋ ಟೇಪು ಎರಡನೇ ದಿನಕ್ಕೇ ಕಿತ್ತು ನಾಲಿಗೆ ಚಾಚಿತು. ಮೂರನೇ ವಾರಕ್ಕೆ ಲೈಟಿನೊಳಗೆ ಎರಡು ಬೆರಳು ನೀರು. ಗಾಡಿ ತಿರುಗಿದಾಗ ನೀರೂ ಈ ಕಡೆಯಿಂದ ಆ ಕಡೆ ಹೋಗುತ್ತಿತ್ತು. "ಎರಡು ಮೀನು ಬಿಡ್ರಿ ಸರ್" ಅಂದ ಆಫೀಸಿನ ವಾಚ್‌ಮನ್. ನಕ್ಕೆ. ಆಮೇಲೆ ಒಂದು ರಾತ್ರಿ ಬಲಗಡೆಯ ಬಲ್ಬು ಪಟ್ ಅಂತ ಹೋಯಿತು. ಉರಿಯುವ ಹ್ಯಾಲೊಜನ್ ಬಲ್ಬಿನ ಕಾಚಿಗೆ ತಣ್ಣೀರು ಸಿಡಿದರೆ ಇನ್ನೇನಾಗುತ್ತದೆ?

ಆಗಲೂ ನಾನು ಏಳಲಿಲ್ಲ. ಎಬ್ಬಿಸಿದ್ದು ಒಬ್ಬ ಆಟೋದವ.

ಧಾರವಾಡದಿಂದ ರಾತ್ರಿ ಬರುತ್ತಿದ್ದೆ. ಒಳದಾರಿ, ಬೀದಿದೀಪ ಇಲ್ಲ. ಎದುರಿನಿಂದ ಬಂದ ಆಟೋ ರಸ್ತೆಯ ನಡುವಿಗೆ ಬಂದವನು ಹಾಗೇ ನನ್ನ ಮೇಲೇ ಬಂದ. ನಾನು ಬ್ರೇಕ್ ಹೊಡೆದೆ, ಅವನೂ ಹೊಡೆದ. ನಡುವೆ ಒಂದು ಮೊಳ ಉಳಿದಿತ್ತು. ತಲೆ ಹೊರಗೆ ಹಾಕಿ ಕೂಗಿದ: "ಏ ಒಕ್ಕಣ್ಣ ಗಾಡಿ! ನಾ ಬೈಕ್ ಬರಾಕತ್ತೇತಿ ಅನ್ಕೊಂಡಿದ್ನಿ!"

ಅವನು ಹೇಳಿದ್ದು ಸರಿಯೇ ಇತ್ತು. ಅವನಿಗೆ ಕಂಡಿದ್ದು ಎಡಗಡೆಯ ಒಂದೇ ದೀಪ. ಅಂದರೆ ರಸ್ತೆ ಅಂಚಿನಲ್ಲಿ ಒಂದು ಬೈಕು. ಆ ದೀಪದ ಪಕ್ಕದಲ್ಲಿ, ಅವನ ದಾರಿಯ ಕಡೆಗೇ, ಇನ್ನೂ ನಾಲ್ಕು ಅಡಿ ಕಬ್ಬಿಣ ಕತ್ತಲಲ್ಲಿ ಬರುತ್ತಿದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಎಡಗಡೆಯದು ಹೋಗಿದ್ದರೆ ಇಷ್ಟು ಅಪಾಯವಿರಲಿಲ್ಲ. ಬಲಗಡೆಯದು ಹೋದರೆ ಎದುರಿನವನಿಗೆ ನಿಮ್ಮ ಅರ್ಧ ಗಾಡಿ ಮಾಯ. ಹೆಡ್‌ಲೈಟ್ ಇರುವುದು ನಾನು ನೋಡುವುದಕ್ಕೆ ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ನನ್ನನ್ನು ಬೇರೆಯವರು ನೋಡುವುದಕ್ಕೂ ಅದೇ ಬೇಕು ಅಂತ ಆ ಒಂದು ಮೊಳ ತೋರಿಸಿಕೊಟ್ಟಿತು. ಮನೆಗೆ ಬಂದ ಮೇಲೂ ಕೈ ಸಣ್ಣಗೆ ನಡುಗುತ್ತಿತ್ತು.

ಇನ್ನೊಂದು ಕಾರಣವೂ ಇತ್ತು. ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂ ಮಾಡಿಸಬೇಕು. 2010, 2015, 2020 ಆಯಿತು, ಮುಂದಿನದು 2025ರ ಆಗಸ್ಟ್. ಅದಕ್ಕಾಗಿ ಫಿಟ್‌ನೆಸ್ ತಪಾಸಣೆಗೆ ನಿಂತಾಗ ಮೊದಲು ನೋಡುವುದರಲ್ಲಿ ಲೈಟೂ ಒಂದು.

ಗೋಕುಲ ರೋಡಿನ ಸ್ಪೇರ್ಸ್ ಅಂಗಡಿಗಳನ್ನು ಸುತ್ತಿದೆ. ಮೊದಲನೆಯವನು ಮಾಡೆಲ್ ಕೇಳಿದ ತಕ್ಷಣ ತಲೆ ಅಲ್ಲಾಡಿಸಿದ. ಎರಡನೆಯವನು, ಹುಡುಗ, ಇನ್ನೂ ಇಪ್ಪತ್ತೈದು ಆಗಿರಲಿಕ್ಕಿಲ್ಲ, "ಎಲ್‌ಇಡಿ ಹಾಕ್ಸಿಬಿಡ್ರಿ ಸರ್, ಹಗಲ ಮಾಡಿಬಿಡ್ತೈತಿ" ಅಂದ. ಬಲ್ಬ್ ಹಾಕಿಸಿದರೆ ಒಡೆದ ಕಾಚು ಸರಿಹೋಗುತ್ತದಾ ಅಂತ ಕೇಳಿದೆ. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಮೂರನೆಯವರು ಮುನ್ನೂರೈವತ್ತು ರೂಪಾಯಿಗೆ ಕಾಚು ಮಾತ್ರ ಕೊಟ್ಟರು. ಹೊಸದು, ಫಳಫಳ. ಹುಡುಕಿದ್ದು ಇಷ್ಟು ಬೇಗ ಸಿಕ್ಕಿತಲ್ಲ ಅಂತ ಖುಷಿಯಾಗಿ ಪಕ್ಕದ ಗಾಡಿಯಲ್ಲಿ ಒಂದು ಪ್ಲೇಟ್ ಗಿರ್ಮಿಟ್ ತಿಂದೆ.

ಅದನ್ನು ತಗೊಂಡು ಚಾಚಾನ ಹತ್ತಿರ ಹೋದೆ. ಹಳೇ ಹುಬ್ಬಳ್ಳಿಯಲ್ಲಿ ಅವರದೊಂದು ಸಣ್ಣ ಗ್ಯಾರೇಜು. ಅಪ್ಪನ ಕಾಲದಿಂದ ನಮ್ಮ ಗಾಡಿಗೆ ಅವರೇ ಮಿಸ್ತ್ರಿ. ಈಗ ಕೈ ಕೆಲಸ ಕಮ್ಮಿ, ಮಗ ನೋಡಿಕೊಳ್ಳುತ್ತಾನೆ. ಚಾಚಾ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಕಾಚನ್ನು ಕೈಗೆ ಕೊಟ್ಟೆ. ಅವರು ಅದನ್ನು ನೋಡಲೇ ಇಲ್ಲ. ಕಣ್ಣು ಮುಚ್ಚಿ ಒಳಮೈ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ನನ್ನ ಕೈಗೇ ವಾಪಸ್ ಕೊಟ್ಟರು.

"ಇದು ಕಿಡಕಿಗೆ ಹಾಕ್ರಿ ಸಾಹೇಬ್ರ. ಲೈಟಿಗೆ ಬರಂಗಿಲ್ಲ."

ಯಾಕೆ ಅಂತ ಕೇಳಿದೆ. ಎಡಗಡೆಯ ಒಡೆಯದ ಲೈಟಿನ ಮುಂದೆ ನನ್ನನ್ನು ಕೂರಿಸಿದರು. ಮೂವತ್ತು ವರ್ಷ ಈ ಗಾಡಿ ನೋಡಿದ್ದೇನೆ. ಅದರ ಹೆಡ್‌ಲೈಟನ್ನು ಒಂದಡಿ ದೂರದಿಂದ ದಿಟ್ಟಿಸಿ ನೋಡಿದ್ದು ಅದೇ ಮೊದಲು.

ಕಾಚಿನೊಳಗೆ ಗೆರೆಗಳಿವೆ. ಅದು ಎಲ್ಲರಿಗೂ ಗೊತ್ತು. ಆದರೆ ಎಲ್ಲ ಗೆರೆಯೂ ಒಂದೇ ತರ ಇಲ್ಲ. ನಡುವೆ ಹತ್ತಿರ ಹತ್ತಿರ, ಅಂಚಿಗೆ ಹೋದಂತೆ ಅಗಲ. ಕೆಲವು ಪಟ್ಟಿಗಳು ಉಬ್ಬಿವೆ, ಕೆಲವು ಓರೆಯಾಗಿವೆ. ಅಕ್ಕಪಕ್ಕದ ಎರಡು ಪಟ್ಟಿ ನೋಡಿದರೆ ದಪ್ಪ ಬೇರೆ, ವಾಲಿಕೆ ಬೇರೆ. ನಮ್ಮ ಹಿತ್ತಲ ಹೊಲದ ಬದುಗಳ ಹಾಗೆ, ಪ್ರತಿಯೊಂದೂ ನೀರನ್ನು ಬೇರೆ ಬೇರೆ ಕಡೆ ತಿರುಗಿಸಲು ಹಾಕಿದ್ದು. ಇಲ್ಲಿ ನೀರಿನ ಬದಲು ಬೆಳಕು, ಅಷ್ಟೇ. ಹಿಂದಿನ ಬೋಗುಣಿಯಂಥ ರಿಫ್ಲೆಕ್ಟರ್ ಬಲ್ಬಿನ ಬೆಳಕನ್ನು ಒಟ್ಟು ಮಾಡಿ ಮುಂದಕ್ಕೆ ತಳ್ಳುತ್ತದೆ. ಅದನ್ನು ರಸ್ತೆಯ ಅಗಲಕ್ಕೆ ಹಾಸುವುದು, ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ ಅಂತ ಹಂಚುವುದು ಈ ಗೆರೆಗಳ ಕೆಲಸ. ಕಾಚು ಅಂದರೆ ದೂಳು ಬೀಳದ ಹಾಗೆ ಮುಚ್ಚಿದ ಮುಚ್ಚಳ ಅಂದುಕೊಂಡಿದ್ದೆ ನಾನು. ಬೆಳಕಿಗೆ ಆಕಾರ ಕೊಡುವುದೇ ಅದು.

ನಾನು ತಂದ ಕಾಚಿನ ಗೆರೆಗಳು ಸುಮ್ನೆ ಗೀಚಿದ ಹಾಗಿದ್ದವು. ಆಳ ಇಲ್ಲ, ಎಲ್ಲ ಒಂದೇ ಅಳತೆ. ಇನ್ನೊಂದು ತಮಾಷೆ ಆಮೇಲೆ ಗೊತ್ತಾಯಿತು. ಎಡ ಮತ್ತು ಬಲ ಲೈಟಿನ ಹೊರ ಆಕಾರ ಕನ್ನಡಿಯಲ್ಲಿ ಕಂಡ ಹಾಗೆ ಒಂದಕ್ಕೊಂದು ತಿರುಗುಮುರುಗು. ಆದರೆ ಒಳಗಿನ ಗೆರೆಗಳು ತಿರುಗುಮುರುಗು ಆಗುವ ಹಾಗಿಲ್ಲ. ನಾವು ಎಡಕ್ಕೆ ಓಡಿಸುವವರು. ಡಿಪ್, ಅಂದರೆ ತಗ್ಗಿಸಿದ ಬೆಳಕು, ಹಾಕಿದಾಗ ಎರಡೂ ದೀಪದ ಬೆಳಕು ಎಡ ಅಂಚಿನ ಕಡೆ ಸ್ವಲ್ಪ ಮೇಲೇಳಬೇಕು, ನಡೆದು ಹೋಗುವವರು, ಮೈಲಿಗಲ್ಲು, ಎಮ್ಮೆ ಕಾಣಬೇಕು. ಬಲಗಡೆ ತಗ್ಗಿರಬೇಕು, ಎದುರಿನವನ ಕಣ್ಣಿಗೆ ಹೊಡೆಯಬಾರದು. ಹೀಗೆ ಒಂದು ಕಡೆ ಎತ್ತಿ ಒಂದು ಕಡೆ ತಗ್ಗಿಸುವ ಡಿಪ್ ಯುರೋಪಿನಲ್ಲಿ ಬಂದದ್ದು 1957ರಲ್ಲಿ. ಡಿಪ್, ಫುಲ್ ಎರಡಕ್ಕೂ ಬೇರೆ ಬೇರೆ ತಂತಿ ಇರುವ ಎಚ್4 ಬಲ್ಬನ್ನು ಒಮ್ಮೆ ಕೈಗೆ ತಗೊಂಡು ನೋಡಿ. ಡಿಪ್ ತಂತಿಯ ಕೆಳಗೆ ಉಗುರಿನಷ್ಟು ಒಂದು ತಗಡಿನ ತೊಟ್ಟಿಲು ಇರುತ್ತದೆ. ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಅದರ ಒಂದು ಅಂಚು ಹದಿನೈದು ಡಿಗ್ರಿ ಓರೆ. ಎಡಕ್ಕೆ ಏರುವ ಆ ಬೆಳಕಿನ ಗೆರೆ ಹುಟ್ಟುವುದು ಅಲ್ಲಿ. ಬಲ್ಬು ಕೂರುವ ಗುಳಿ, ತಗಡಿನ ಓರೆ, ಕಾಚಿನ ಗೆರೆ ಮೂರೂ ಒಂದೇ ಮಾತಾಡಬೇಕು. ಒಂದು ಬೇರೆ ಮಾತಾಡಿದರೂ ಗದ್ದಲ.

ಆ ಎಲ್‌ಇಡಿ ಹುಡುಗನಿಗೆ ನಾನು ಯಾಕೆ ಬೇಡ ಅಂದೆ ಅನ್ನುವುದೂ ಇದೇ. ಈ ಬೋಗುಣಿ, ಈ ಕಾಚು ಎರಡನ್ನೂ ಲೆಕ್ಕ ಹಾಕಿದ್ದು ಒಂದು ಸಣ್ಣ ತಂತಿ ಇಂಥ ಜಾಗದಲ್ಲೇ ಉರಿಯುತ್ತದೆ ಅಂತ. ಆ ಜಾಗದಲ್ಲಿ ಬೇರೆ ಆಕಾರದ ದೀಪ ತಂದಿಟ್ಟರೆ ಬೆಳಕು ಜಾಸ್ತಿ ಆಗುತ್ತದೆ ನಿಜ. ಆದರೆ ಅದು ಹೋಗುವುದು ಎಲ್ಲಿಗೆ? ಎದುರಿನವನ ಮುಖಕ್ಕೆ. ಈಗ ರಾತ್ರಿ ಬೈಪಾಸಿನಲ್ಲಿ ಹೋದರೆ ಕಣ್ಣು ಕುಕ್ಕಿ ನೀರು ಬರುವುದು ಇಂಥ ಬುದ್ಧಿವಂತರಿಂದಲೇ. ನಾವು ಚಿಕ್ಕವರಿದ್ದಾಗ ಲಾರಿ, ಕಾರುಗಳ ಹೆಡ್‌ಲೈಟಿಗೆ ನಡುವೆ ಕಪ್ಪು ಬೊಟ್ಟು ಇಡುತ್ತಿದ್ದರು. ದೃಷ್ಟಿಬೊಟ್ಟು ಅಂತಲೇ ನಾನು ನಂಬಿದ್ದೆ. ಎದುರಿನವನ ಕಣ್ಣು ಉಳಿಸಲಿಕ್ಕೆ ಇಟ್ಟಿದ್ದಂತೆ. ಒಂದು ರೀತಿ ದೃಷ್ಟಿಬೊಟ್ಟೇ ಬಿಡಿ.

ಹಾಗಾದರೆ ಸರಿಯಾದ ಕಾಚು ಎಲ್ಲಿ? ಇಂಟರ್‌ನೆಟ್ಟಿನಲ್ಲಿ ಯುರೋಪಿನ ಹಳೇ ಸ್ಟಾಕ್ ಒಂದು ಕಂಡಿತು. ಅಲ್ಲಿಗೂ ನಮ್ಮ ಮಾರುತಿ ಹೋಗಿದೆ. 1987ರಲ್ಲೇ ಐನೂರು ಗಾಡಿ ಹಂಗೇರಿಗೆ ಹಡಗು ಹತ್ತಿದ್ದವು. ಆರ್ಡರ್ ಮಾಡಲು ಬೆರಳೂ ಇಟ್ಟಿದ್ದೆ. ಆಗ ಹೊಳೆಯಿತು, ಅವರು ಓಡಿಸುವುದು ಬಲಕ್ಕಲ್ವಾ? ಅವರ ದೀಪ ಬಲಗಡೆ ಎತ್ತುತ್ತದೆ. ಇಲ್ಲಿ ಹಾಕಿದರೆ ಎದುರಿನ ಪ್ರತಿ ಡ್ರೈವರನ ಕಣ್ಣಿಗೆ ಟಾರ್ಚ್ ಹಿಡಿದ ಹಾಗೆ. ಆ ಕಡೆಯ ನಿಯಮದಲ್ಲಿ ತಯಾರಾದ ಲೈಟುಗಳಲ್ಲಿ ಇದಕ್ಕೊಂದು ಗುರುತಿದೆ. ನಮ್ಮಂಥ ಎಡಪಂಥದವರಿಗೆ ಮಾಡಿದ ಕಾಚಿನ ಮೇಲೆ ಒಂದು ಸಣ್ಣ ಬಾಣ, ಎದುರು ನಿಂತು ನೋಡುವವನ ಬಲಕ್ಕೆ. ಬಾಣ ಇಲ್ಲದಿದ್ದರೆ ಅದು ಬಲಪಂಥದ್ದು. ರಾಜಕೀಯಕ್ಕೂ ಇಂಥದೊಂದು ಬಾಣ ಇದ್ದಿದ್ದರೆ ನಮ್ಮ ಕಟ್ಟೆಯ ಮೇಲಿನ ಎಷ್ಟೋ ಜಗಳ ತಪ್ಪುತ್ತಿತ್ತು.

ಕೊನೆಗೆ ಸಿಕ್ಕಿದ್ದು ಊರ ಹೊರಗಿನ ಒಂದು ಗುಜರಿಯಲ್ಲಿ. ಹಿಂದಿನಿಂದ ಗುದ್ದಿಸಿಕೊಂಡು ಸತ್ತ ಬಿಳಿ ಮಾರುತಿ. ಬೆನ್ನು ಪೂರ್ತಿ ಜಜ್ಜಿತ್ತು, ಮುಖ ಮಾತ್ರ ಹಾಗೇ ನಗುತ್ತಿತ್ತು. ಲೈಟಿನ ಒಳಗಿನ ಬೆಳ್ಳಿಯಂಥ ಹೊಳಪು ಹೋಗಿ ಪೂರ್ತಿ ತುಕ್ಕು ಹಿಡಿದಿತ್ತು, ಕಾಚಿಗೆ ಒಂದು ಗೀರೂ ಇರಲಿಲ್ಲ. ಇದು ಗಾಜಿನ ದೊಡ್ಡ ಗುಣ. ತೊಂಬತ್ತರ ದಶಕದಿಂದ ಈಚೆ ಬಂದ ಗಾಡಿಗಳಲ್ಲಿ ಪಾಲಿಕಾರ್ಬೊನೇಟ್, ಅಂದರೆ ಒಂದು ಜಾತಿ ಪ್ಲಾಸ್ಟಿಕ್. ಕಲ್ಲು ಬಡಿದರೆ ಸುಲಭಕ್ಕೆ ಒಡೆಯುವುದಿಲ್ಲ, ಹಗುರ, ಬೇಕಾದ ಆಕಾರಕ್ಕೆ ಬಾಗುತ್ತದೆ. ಆದರೆ ಬಿಸಿಲಿಗೆ ಹಳದಿ ತಿರುಗುತ್ತದೆ. ನನ್ನ ತಮ್ಮನ ಗಾಡಿ ನಮ್ಮದಕ್ಕಿಂತ ಹದಿನೈದು ವರ್ಷ ಚಿಕ್ಕದು. ಅದರ ಕಣ್ಣಿಗೆ ಆಗಲೇ ಪೊರೆ ಬಂದಿದೆ. ಈಗಿನ ಲೈಟುಗಳಲ್ಲಿ ಗೆರೆಯೂ ಇಲ್ಲ. ಆ ಕೆಲಸ ರಿಫ್ಲೆಕ್ಟರಿಗೇ ಹೋಗಿದೆ. ಮುಂದಿನದು ಈಗ ನಿಜವಾಗಿಯೂ ಬರೀ ಮುಚ್ಚಳ.

ಇನ್ನೂರು ರೂಪಾಯಿ ಕೊಟ್ಟು ಇಡೀ ಲೈಟನ್ನೇ ತಂದೆ. ಚಾಚಾ ಹೆಬ್ಬೆರಳು ಆಡಿಸಿದರು. ಈ ಸಲ ಕುರ್ಚಿಯಿಂದ ಎದ್ದರು.

"ಕಾಚ ಅಷ್ಟ ಬದಲಿ ಮಾಡೂ ಕೆಲಸ ಈಗ ಯಾರೂ ಕೇಳಂಗಿಲ್ರಿ. ಪೂರಾ ಲೈಟ ಒಗದು ಹೊಸಾದು ಹಾಕ್ತಾರ. ನಿಮ್ಮ ಬೋಗುಣಿ ಚಲೋ ಐತಿ, ಅದರ ಕಾಚ ಚಲೋ ಐತಿ. ಲಗ್ನಾ ಮಾಡೂಣ್ರಿ."

ಲಗ್ನಕ್ಕೆ ಮುಂಚೆ ಎರಡು ಕಡೆಯ ಬಿಡುಗಡೆ ಆಗಬೇಕಲ್ಲ. ಕಾಚನ್ನು ಅಂಚಿನ ತೋಡಿಗೆ ಹಿಡಿದಿಟ್ಟಿರುವುದು ಒಂದು ಕಪ್ಪು ಅಂಟು. ಬಿಸಿಗಾಳಿಯ ಗನ್ ತಗೊಂಡು ಚಾಚಾ ಸುತ್ತಲೂ ಆಡಿಸುತ್ತಾ ಹೋದರು. ಒಂದೇ ಕಡೆ ಹಿಡಿದರೆ ಕಾಚು ಬಿರುಕು ಬಿಡುತ್ತದೆ. ಐದು ನಿಮಿಷ ಸುತ್ತಿಸಿ, ಅಂಚಿನಲ್ಲಿ ಸಪಾಟು ಸ್ಕ್ರೂಡ್ರೈವರ್ ಬಟ್ಟೆ ಸುತ್ತಿ ತೂರಿಸಿ, ಎತ್ತದೆ ಸುಮ್ಮನೆ ಕಾದರು. ಹಪ್ಪಳದ ಹಿಟ್ಟಿನ ಹಾಗೆ ಅಂಟು ಎಳೆ ಎಳೆಯಾಗಿ ಹಿಗ್ಗಿತು. ಮತ್ತೆ ಬಿಸಿ, ಮತ್ತೆ ಸ್ವಲ್ಪ. ಮಗ ಬಂದು "ಎಳೀರಿ ಅಬ್ಬಾ, ಬರ್ತೈತಿ" ಅಂದ. ಚಾಚಾ ಅವನ ಕಡೆ ನೋಡಿದ್ದಕ್ಕೆ ಆ ಹುಡುಗ ಸೀದಾ ಚಹಾ ತರಲು ಹೋದ.

ನಮ್ಮ ಬೋಗುಣಿಯ ಒಳಗೆ ಎರಡು ತಿಂಗಳ ಮಳೆಯ ಕೆಸರಿತ್ತು, ಗಾಜಿನ ಚೂರುಗಳಿದ್ದವು. ಒರೆಸಲು ಬಟ್ಟೆ ಕೊಡಹೋದೆ.

"ಕೈ ಹಚ್ಚಬ್ಯಾಡ್ರಿ!"

ಅಷ್ಟು ಜೋರಾಗಿ ಚಾಚಾ ಕೂಗಿದ್ದು ನಾನು ಕೇಳಿರಲಿಲ್ಲ. ಅಲ್ಲಿ ಹೊಳೆಯುವುದು ಉಗುರಿನ ದಪ್ಪದ ಪಾಲಿಶ್ ಅಲ್ಲ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅಲ್ಯೂಮಿನಿಯಂ ಆವಿಯನ್ನು ಕೂರಿಸಿದ ಪದರ, ಉಸಿರಿನಷ್ಟು ತೆಳುವು. ಬೆರಳು ತಾಗಿದರೆ ಗುರುತು ಉಳಿಯುತ್ತದೆ, ಬಟ್ಟೆ ಹಾಕಿ ತಿಕ್ಕಿದರೆ ಬಂದೇಬಿಡುತ್ತದೆ. ಚಾಚಾ ಬ್ಯಾಟರಿ ಅಂಗಡಿಯಿಂದ ಒಂದು ಲೀಟರ್ ಡಿಸ್ಟಿಲ್ಡ್ ನೀರು ತರಿಸಿದರು. ಮೊದಲು ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮಗುವಿನ ಬಾಯಿ ತೊಳೆದ ಹಾಗೆ ನೀರು ತುಂಬಿಸಿ ಅಲ್ಲಾಡಿಸಿ ಚೆಲ್ಲಿದರು. ಆಮೇಲೆ ಬರೀ ನೀರು, ಮೂರು ಸಲ. ನಲ್ಲಿಯ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕಂಪ್ರೆಸರ್ ಗಾಳಿ ಹಿಡಿಯಲೂ ಬಿಡಲಿಲ್ಲ, ಅದರಲ್ಲಿ ಎಣ್ಣೆ ಇರುತ್ತದಂತೆ. ಬೋರಲು ಹಾಕಿ ಬಿಸಿಲಿಗೆ ಇಟ್ಟರು. ಕೆಳಗಿನ ಮೂಲೆಯಲ್ಲಿ ಎರಡು ತುಕ್ಕಿನ ಚುಕ್ಕೆ ಉಳಿದವು, ಉಳಿದದ್ದೆಲ್ಲ ಕನ್ನಡಿ.

ಅಂಟಿನ ವಿಷಯದಲ್ಲೂ ಒಂದು ಪಾಠ ಆಯಿತು. ನಾನು ಹಾರ್ಡ್‌ವೇರ್ ಅಂಗಡಿಯಿಂದ ಬಾತ್‌ರೂಮಿಗೆ ಹಾಕುವ ಸಿಲಿಕೋನ್ ತಂದಿದ್ದೆ. ಮುಚ್ಚಳ ತೆಗೆದು ಮೂಸಿ ನೋಡಿ ಮುಖ ಕಿವುಚಿದರು. ವಿನೆಗರ್ ವಾಸನೆ. ಆ ಜಾತಿಯ ಸಿಲಿಕೋನ್ ಒಣಗುವಾಗ ಹುಳಿ ಆವಿ ಬಿಡುತ್ತದೆ, ಮುಚ್ಚಿದ ಲೈಟಿನೊಳಗೆ ಅದು ಆ ಹೊಳೆಯುವ ಪದರವನ್ನೇ ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಜಾತಿಯದು ತರಿಸಿದರು. ಹಳೇ ಅಂಟನ್ನು ತೋಡಿನಿಂದ ಪೂರ್ತಿ ಕೆರೆದು, ಹೊಸದನ್ನು ಒಂದೇ ಸಮನೆ ಎಳೆ ಕಡಿಯದೆ ಸುತ್ತ ಹಾಕಿ, ಕಾಚು ಕೂರಿಸಿ, ಹಳೇ ಟ್ಯೂಬಿನ ರಬ್ಬರು ಸುತ್ತಿ ಬಿಗಿದರು. ತಳದಲ್ಲಿರುವ ಉಸಿರಾಡುವ ತೂತನ್ನು ಮಾತ್ರ ಬಿಟ್ಟರು. ಅದನ್ನೂ ಮುಚ್ಚಿದರೆ ಒಳಗಿನ ಹಸಿ ಹೊರಗೆ ಹೋಗುವುದಿಲ್ಲ. "ನಾಳಿ ಸಂಜಿಕೆ ಬರ್ರಿ."

ಮರುದಿನ ಹೋದಾಗ ಅರ್ಥಿಂಗ್ ತಂತಿಯನ್ನೂ ಉಜ್ಜಿ ಹೊಸ ತುದಿ ಹಾಕಿದ್ದರು. ಬಲ್ಬಿಗೆ ಹೋಗುವ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಹತ್ತಲ್ಲ, ಹತ್ತಿರ ಹತ್ತಿರ ಮೂವತ್ತು ಪರ್ಸೆಂಟ್ ಇಳಿಯುತ್ತದೆ. ನಾವು ಕಾಚು ಮಸುಕು, ಬಲ್ಬು ಹಳತು ಅಂತ ಬೈಯುತ್ತಿರುತ್ತೇವೆ. ತಪ್ಪು ಒಂದು ಹಸಿರು ಹಿಡಿದ ತಂತಿಯದು.

ಹೊಸ ಬಲ್ಬನ್ನು ಕಾಗದದಲ್ಲಿ ಹಿಡಿದು ಕೂರಿಸಿದರು. ಅದರ ಕಾಚಿಗೂ ಬೆರಳಿನ ಜಿಡ್ಡು ತಾಗಬಾರದು. ಆ ಕಾಗದ ನೋಡಿದಾಗ ಅಪ್ಪ ನೆನಪಾದರು. ಹಳೇ ಸಂಯುಕ್ತ ಕರ್ನಾಟಕ. ರಾತ್ರಿ ಪ್ರಯಾಣ ಇದ್ದರೆ ಹೊರಡುವ ಮುಂಚೆ ಅಪ್ಪ ಪೇಪರ್ ಮುದ್ದೆ ಮಾಡಿ, ನೀರಲ್ಲಿ ಅದ್ದಿ, ಎರಡೂ ಹೆಡ್‌ಲೈಟ್ ಒರೆಸುತ್ತಿದ್ದರು. ಆಮೇಲೆ ಒಣ ಪೇಪರಿನಲ್ಲಿ ಇನ್ನೊಮ್ಮೆ. ನಾವು ಗಾಡಿಯೊಳಗೆ ಕೂತು "ಲಗೂ ಬರ್ರಿ ಅಪ್ಪಾ" ಅಂತ ಹಾರ್ನ್ ಹೊಡೆಯುತ್ತಿದ್ದೆವು. ಅವರು ತಿರುಗಿಯೂ ನೋಡುತ್ತಿರಲಿಲ್ಲ. ಬಲಗಡೆಯದನ್ನು ಜಾಸ್ತಿ ಹೊತ್ತು ಒರೆಸುತ್ತಿದ್ದರು ಅಂತ ಈಗ ಅನ್ನಿಸುತ್ತದೆ. ನಿಜವಾಗಿ ಹಾಗಿತ್ತೋ, ನಾನೇ ಈಗ ಸೇರಿಸುತ್ತಿದ್ದೇನೋ, ಹೇಳಲಾರೆ.

ಫಿಟ್‌ನೆಸ್ಸಿಗೆ ಮುಂಚೆ ಬೆಳಕಿನ ಮಟ್ಟ ನೋಡಬೇಕಿತ್ತು. ಗ್ಯಾರೇಜಿನ ಮುಂದೆ ಅಷ್ಟು ಜಾಗ ಇಲ್ಲ. ನಮ್ಮ ಮನೆ ಎದುರು ಒಂದು ಖಾಲಿ ಸೈಟಿದೆ, ಅದರ ಆಚೆ ಅಜ್ಜಿಯೊಬ್ಬರ ಸುಣ್ಣ ಬಳಿದ ಕಂಪೌಂಡ್ ಗೋಡೆ. ಲೆಕ್ಕ ಸರಳ. ಗಾಡಿಯನ್ನು ಗೋಡೆಗೆ ನೇರ, ಹತ್ತು ಮೀಟರ್ ದೂರದಲ್ಲಿ ಸಪಾಟು ನೆಲದ ಮೇಲೆ ನಿಲ್ಲಿಸಬೇಕು. ಟೈರಿನಲ್ಲಿ ಗಾಳಿ ಸರಿ ಇರಬೇಕು, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಬೇಕು. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಗುರುತು ಹಾಕಬೇಕು. ಡಿಪ್ ಬೆಳಕಿನ ಮೇಲಂಚು ಅದಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಬರಬೇಕು. ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು, ಅಷ್ಟೇ.

ಮಗನನ್ನು ಸೀಟಿನಲ್ಲಿ ಕೂರಿಸಿದೆ. ಅವನ ತೂಕಕ್ಕೆ ಜೊತೆಯಾಗಿ ಐದು ಕಿಲೋ ಜೋಳದ ಹಿಟ್ಟು. ಅವ್ವನ ಹೊಲಿಗೆ ಟೇಪಿನಿಂದ ಅಳೆದೆ. ಸೀಮೆಸುಣ್ಣ ಬಿಳಿ ಗೋಡೆ ಮೇಲೆ ಕಾಣುವುದಿಲ್ಲ ಅಂತ ಒಡೆದ ಹೆಂಚಿನ ಚೂರಿನಿಂದ ಎರಡು ಕಡೆ ಅಡ್ಡ-ಉದ್ದ ಗೀಟು ಎಳೆದು, ಕೆಳಗೊಂದು ಉದ್ದ ಗೆರೆ ಹಾಕಿದೆ. ಕತ್ತಲಾದ ಮೇಲೆ ಎಡಗಡೆಯ ಲೈಟಿಗೆ ಟವೆಲ್ ಮುಚ್ಚಿ ಬಲಗಡೆಯದನ್ನು ಮಾತ್ರ ಬಿಟ್ಟೆ.

ಡಿಪ್ ಹಾಕಿದ. ಗೋಡೆ ಮೇಲೆ ಬೆಳಕು ಹಾಸಿತು. ಬಲಗಡೆ ಸಪಾಟು. ನಡುವಿನಿಂದ ಎಡಕ್ಕೆ ಏಣಿ ಒರಗಿಸಿದ ಹಾಗೆ ಮೆಲ್ಲಗೆ ಮೇಲೇರಿದ ಒಂದು ಗೆರೆ. ಮೂವತ್ತು ವರ್ಷದಿಂದ ಈ ಗೆರೆ ನಮ್ಮ ಮುಂದೆ ಮುಂದೆ ಓಡುತ್ತಿತ್ತು, ನಾನು ಒಮ್ಮೆಯೂ ನೋಡಿರಲಿಲ್ಲ. ನಾಲ್ಕು ಬೆರಳು ಮೇಲಿತ್ತು. ಹಿಂದಿನ ಸ್ಕ್ರೂ ತಿರುಗಿಸುತ್ತಾ ಇಳಿಸಿದೆ. ಹೆಂಚಿನ ಗೀಟಿನ ಮೇಲೆ ಬಂದು ಕೂತಿತು. ಟವೆಲ್ ತೆಗೆದೆ. ಎಡಗಡೆಯದು ಸ್ವಲ್ಪ ಹಳದಿ, ಬಲಗಡೆಯದು ಬಿಳಿ. ಬಲ್ಬ್ ಹಳೆಯದು, ಅದನ್ನೂ ಬದಲಿಸಬೇಕು. ನಾಳೆ ನೋಡೋಣ.

ಬೆಳಿಗ್ಗೆ ಆರೂವರೆಗೆ ಗೇಟು ಬಡಿದ ಸದ್ದು. ಎದುರು ಮನೆಯ ಅಜ್ಜಿ. ಸೆರಗು ಸರಿಮಾಡಿಕೊಳ್ಳುತ್ತಾ ಗಾಬರಿಯಲ್ಲಿ ನಿಂತಿದ್ದರು.

"ತಮ್ಮಾ, ರಾತ್ರಿ ಕಾರ್ಪೊರೇಶನ್ನಿನವ್ರು ಬಂದಿದ್ರೇನು? ನನ್ನ ಗ್ವಾಡಿಗೆ ಕೆಂಪನ ಗುರುತು ಹಾಕಿ ಹೋಗ್ಯಾರ. ರೋಡ್ ಅಗಲ ಮಾಡ್ತಾರಂತೇನು?"

ಬಕೆಟ್ಟು, ಬ್ರಷ್ಷು ತಗೊಂಡು ಹೋದೆ. ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಪಕ್ಕದಲ್ಲೇ ನಿಂತರು. ಒಂದು ಗೀಟು ಹೋದ ಮೇಲೆ ಬೆರಳು ಮಾಡಿ ತೋರಿಸಿದರು: "ಇನ್ನೊಂದು ಅಲ್ಲಿ ಉಳೀತು ನೋಡು, ಮೂಲ್ಯಾಗ."